ಅಲಕ್ಷ್ಯ ಯಾರದು?



ಮೊನ್ನೆ ಮುಂಬಯಿಯ ಮುನಿಸಿಪಲ್ ಕನ್ನಡ ಶಾಲೆಯ ಮಾಸ್ತರರೊಬ್ಬರು ನಮ್ಮ ಸಂಘಕ್ಕೆ ಬಂದರು. "ನಿಮ್ಮವರ ಮಕ್ಕಳು ಬರೀ ಹೊಟ್ಟೆಯಲ್ಲಿ ಬಂದು ಪಾಠದಲ್ಲಿ ತೂಕಡಿಸುತ್ತವೆ. ಕರೆದರೆ ತಂದೆ ಬರುವುದಿಲ್ಲ. ಇಷ್ಟು ಅಲಕ್ಷ್ಯವೇ?" ಎಂದು ದೂರಿದರು.

ಮಾಸ್ತರರ ಕಳಕಳಿ ನಿಜ. ಆದರೆ ಅಲಕ್ಷ್ಯ ಯಾರದು? ನಸುಕಿನಲ್ಲೆದ್ದು ಊರಿಗೆಲ್ಲ ಇಡ್ಲಿ ಬೇಯಿಸುವವನ ಮಗುವಿಗೇ ಇಡ್ಲಿಯಿಲ್ಲ. ಅವನು ಮನೆ ಸೇರುವಾಗ ಮಗು ಮಲಗಿರುತ್ತದೆ. ವಾರದ ರಜೆ ೧೯೪೮ರ ಅಂಗಡಿ ಕಾಯಿದೆಯಲ್ಲೂ ಇತ್ತು, ೨೦೧೭ರ ಹೊಸ ಕಾಯಿದೆಯಲ್ಲೂ ಬಂತು. ಕೇಳಿದವನಿಗೆ ಮಾಲಕರು ತೋರಿಸುವುದು ಬಾಗಿಲನ್ನೇ! ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆ ೬ರಿಂದ ೧೪ ವರ್ಷದ ಮಕ್ಕಳಿಗೆ ಶಾಲೆಯ ಹಕ್ಕು ಕೊಟ್ಟಿತು. ಶಾಲೆಯಲ್ಲಿ ಮಧ್ಯಾಹ್ನದ ಊಟವೂ ಸಿಗುತ್ತದೆ. ತಂದೆಗೆ ಬಿಡುವು ಕೊಟ್ಟವರು ಯಾರು?

ನಮ್ಮ ತಪ್ಪೂ ಇದೆ. ಸಂಬಳದ ದಿನ ಮಟ್ಕಾಕ್ಕೆ ಸಿಗುವ ಹೊತ್ತು ಶಾಲೆಗೇಕೆ ಸಿಗದು? ಏಳನೇ ಇಯತ್ತೆಗೆ ಓದು ಬಿಟ್ಟು ಕಪ್ಪುಬಸಿ ತೊಳೆದವನು ನಾನು. ನಮ್ಮ ಮಕ್ಕಳೂ ಅದೇ ತೊಟ್ಟಿಯ ಮುಂದೆ ನಿಲ್ಲಬೇಕೆ?

ಮಾಸ್ತರರೇ, ಪಾಲಕರ ಸಭೆಯನ್ನು ಹೋಟೆಲಿನಲ್ಲಿ ಗಿರಾಕಿ ಕಡಿಮೆಯಿರುವ ಮಧ್ಯಾಹ್ನ ಮೂರಕ್ಕೆ ಕರೆಯಿರಿ, ನಾವು ಬರುತ್ತೇವೆ. ಬಂಧುಗಳೇ, ವಾರದ ರಜೆಯನ್ನು ಒಬ್ಬೊಬ್ಬರಾಗಿ ಬೇಡುವುದು ಬೇಡ, ಒಗ್ಗಟ್ಟಾಗಿ ಕೇಳೋಣ. ಅದು ನಮ್ಮ ನಿದ್ದೆಗಲ್ಲ, ಮಕ್ಕಳ ವಿದ್ಯೆಗೆ!