ಒಂಬತ್ತನೆಯ ತರಗತಿಯ ಮೂಕನಾಟಕ

ನಾಟಕವೆಂದರೆ ಆಡುವುದು; ಭಾಷೆಯೆಂದರೆ ನುಡಿಯುವುದು. ಇದನ್ನರಿಯದವರು ನಮ್ಮ ನಾಡಿನಲ್ಲಿ ಇರಲಾರರು. ಆದರೂ ನಮ್ಮ ಎಷ್ಟೋ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ನಾಟಕದ ಪಾಠವು ಬಂದಿತೆಂದರೆ ಉಪಾಧ್ಯಾಯರು ಓದುವರು, ಮಕ್ಕಳು ಬಾಯಿ ಮುಚ್ಚಿ ಕೇಳುವರು. ಕಡೆಗೆ ಹಲಗೆಯ ಮೇಲಿನ ಪ್ರಶ್ನೋತ್ತರಗಳನ್ನು ಬರೆದುಕೊಂಡು ಉರುಹೊಡೆಯುವರು. ಆಡದ ನಾಟಕ, ನುಡಿಯದ ಭಾಷೆ! ದಡದ ಮೇಲೆ ಈಜು ಕಲಿಸುವ ಈ ಪದ್ಧತಿಗೆ ಶಿಕ್ಷಣವೆಂಬ ಹೆಸರು ಸಲ್ಲುವುದೇ?

ಕನ್ನಡದ ಕೈಂಕರ್ಯಕ್ಕೆ ನಿಂತ ಪತ್ರಿಕೆಯು ಇಂಗ್ಲಿಷಿನ ಗೊಡವೆಗೆ ಹೋಗುವುದೇಕೆಂದು ಕೆಲವರು ಹುಬ್ಬೇರಿಸಬಹುದು. ಕನ್ನಡಕ್ಕಾಗಿಯೇ ಹೋಗಿದ್ದೇವೆ. ಪ್ರಾಥಮಿಕ ತರಗತಿಗಳಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರಕಾರವು ಬಲಾತ್ಕಾರದಿಂದ ಹೇರಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿತು. ಕಾಯಿದೆಯ ಬಾಗಿಲು ಮುಚ್ಚಿದ ಮೇಲೆ ಉಳಿದಿರುವ ದಾರಿಯು ಯಾವುದು? ತಂದೆತಾಯಿಗಳು ಕನ್ನಡ ಶಾಲೆಯನ್ನು ತೊರೆಯುವುದು ಕನ್ನಡದ ಮೇಲಿನ ದ್ವೇಷದಿಂದಲ್ಲ. ಅಲ್ಲಿ ಕಲಿತ ಮಗುವು ನಾಲ್ಕು ಜನರೆದುರು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಲಾರದೆಂಬ ಭಯದಿಂದ. ಆ ಭಯವು ನೀಗುವವರೆಗೆ ಕನ್ನಡ ಶಾಲೆಗಳು ಬರಿದಾಗುತ್ತಲೇ ಹೋಗುವವು. ಅದನ್ನು ನೀಗಿಸಲು ಇಂಗ್ಲಿಷ್ ಮಾಧ್ಯಮವು ಬೇಕಿಲ್ಲ. ಇಂಗ್ಲಿಷ್ ಎಂಬ ಒಂದು ವಿಷಯವನ್ನು ನೆಟ್ಟಗೆ ಕಲಿಸಿದರೆ ಸಾಕು.

ನೆಟ್ಟಗೆ ಕಲಿಸುವ ಬಗೆಯೆಂತು? ಇಂಗ್ಲಿಷು ಒತ್ತಿನ ಭಾಷೆ. ರೆಕರ್ಡ್ ಎಂದರೆ ದಾಖಲೆ, ರಿಕಾರ್ಡ್ ಎಂದರೆ ದಾಖಲಿಸುವುದು. ಕಾಗದದ ಮೇಲೆ ಎರಡಕ್ಕೂ ಅಕ್ಷರಗಳು ಒಂದೇ. ಈ ಭೇದವನ್ನು ಕಣ್ಣು ಕಾಣದು, ಕಿವಿ ಹಿಡಿಯಬೇಕು, ನಾಲಿಗೆ ಪಳಗಬೇಕು. ಷೇಕ್ಸ್‌ಪಿಯರನ ‘ವೆನಿಸಿನ ವ್ಯಾಪಾರಿ’ಯ ನ್ಯಾಯಸ್ಥಾನದ ದೃಶ್ಯವನ್ನೇ ತೆಗೆದುಕೊಳ್ಳಿರಿ. ಕಥೆಯನ್ನು ಮೊದಲು ಕನ್ನಡದಲ್ಲಿ ಹೇಳಿರಿ. ಸರಳಗೊಳಿಸಿದ ಸಂಭಾಷಣೆಯನ್ನು ಮಕ್ಕಳಿಗೆ ಹಂಚಿರಿ. ಒಬ್ಬನು ಕರಾರುಪತ್ರವನ್ನು ಹಿಡಿದು ಪಟ್ಟುಹಿಡಿಯಲಿ, ಒಬ್ಬಳು ವಕೀಲಳಾಗಿ ದಯೆಯನ್ನು ಬೇಡಲಿ, ಮತ್ತೆ ಅದೇ ಕರಾರಿನ ಅಕ್ಷರಗಳಿಂದಲೇ ಅವನನ್ನು ಕಟ್ಟಿಹಾಕಲಿ. ಬೇಡುವ ದನಿಯೇ ಬೇರೆ, ಬೆದರಿಸುವ ದನಿಯೇ ಬೇರೆ ಎಂಬುದನ್ನು ಯಾವ ವ್ಯಾಕರಣಪುಸ್ತಕವು ಹೀಗೆ ಕಲಿಸೀತು? ಆ ಕವಿಯ ನಾಟಕಗಳ ಮಹಾಸಂಪುಟವು ಅಚ್ಚಾದುದು 1623ರಲ್ಲಿ, ಅವನು ತೀರಿಕೊಂಡು 7 ವರ್ಷಗಳಾದ ಮೇಲೆ. ಅವನ ಜನರು ಅವನ್ನು ಓದುವುದಕ್ಕಿಂತ ಮೊದಲು ರಂಗದ ಮೇಲೆ ಕೇಳಿದ್ದರು.

ಇದು ಪರಕೀಯ ಹುಚ್ಚೆನ್ನುವವರು ನಮ್ಮ ಚರಿತ್ರೆಯನ್ನೇ ನೋಡಲಿ. ಮರಾಠಿ ನಾಟಕಗಳ ಅಬ್ಬರದಲ್ಲಿ ಉತ್ತರ ಕರ್ನಾಟಕದ ಕನ್ನಡಿಗನು ತನ್ನ ನುಡಿಯನ್ನೇ ಕೀಳೆಂದು ತಿಳಿಯುತ್ತಿದ್ದ ಕಾಲದಲ್ಲಿ, 1870ರ ದಶಕದಲ್ಲಿ, ಗದಗಿನಲ್ಲಿ ಕನ್ನಡ ನಾಟಕಮಂಡಳಿಯನ್ನು ಕಟ್ಟಿದವರು ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು, ಅವರು ಶಾಲಾಮಾಸ್ತರರು. ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು ಗ್ರೀಕ್ ದುರಂತನಾಟಕದ ಸತ್ತ್ವವನ್ನು ತಂದು 1929ರಲ್ಲಿ ‘ಅಶ್ವತ್ಥಾಮನ್’ ಕೊಟ್ಟರು. ಲಂಡನ್ನಿನಲ್ಲಿ ಓದಿಬಂದ ಟಿ. ಪಿ. ಕೈಲಾಸಂ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ನಾಟಕ ಬರೆದರು. ಅವರ ‘ಟೊಳ್ಳು ಗಟ್ಟಿ’ಯಂತೂ ಪರೀಕ್ಷೆಯ ಅಂಕಗಳೇ ವಿದ್ಯೆಯೆಂಬ ಭ್ರಮೆಯ ಮೇಲೆಯೇ ಎತ್ತಿದ ಚಾಟಿ. ಇಂಗ್ಲಿಷನ್ನು ಅರಗಿಸಿಕೊಂಡವರು ಕನ್ನಡವನ್ನು ಬೆಳೆಸಿದರು. ಅದಕ್ಕೆ ಅಂಜಿ ಶರಣಾದವರು ಎರಡನ್ನೂ ಕೆಡಿಸಿದರು.

ಇನ್ನು ಆಕ್ಷೇಪಣೆಗಳು. ಪಾಠ ಮುಗಿಸಲು ಹೊತ್ತಿಲ್ಲವೆನ್ನುವರು. ಎಂಟನೆಯ ತರಗತಿಯು ಹೊಸ್ತಿಲು, ಹತ್ತನೆಯದು ಪರೀಕ್ಷೆಯ ಗಾಣ. ನಡುವಿನ ಒಂಬತ್ತನೆಯದರಲ್ಲಿ ವಾರಕ್ಕೊಂದು ಅವಧಿಯೂ ಸಿಗದೇ? ಅಂಕಗಳಿಲ್ಲವೆನ್ನುವರು. ಹತ್ತನೆಯ ತರಗತಿಯ ದ್ವಿತೀಯ ಭಾಷೆಯ 100 ಅಂಕಗಳಲ್ಲಿ 80 ಬರಹದ ಪರೀಕ್ಷೆಗಾದರೆ 20 ಶಾಲೆಯ ಕೈಯಲ್ಲಿಯೇ ಇವೆ. ಒಂಬತ್ತರಲ್ಲಿ ಆಡಿ ಪಳಗಿದ ನಾಲಿಗೆಗೆ ಹತ್ತರಲ್ಲಿ ಆ 20ರೊಳಗೆ ಪಾಲು ಕೊಡಲು ಯಾರ ಅಡ್ಡಿ? ಅಧಿಕಾರವಿಲ್ಲವೆನ್ನುವರು. ನಾಟಕವನ್ನು ಹತ್ತನೆಯ ತರಗತಿಯವರೆಗೂ ಕಲಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿತು. ವೇಷ, ಪರದೆ, ದೀಪಗಳಿಗೆ ದುಡ್ಡಿಲ್ಲವೆನ್ನುವರು. ಬಯಲಾಟವನ್ನೂ ಯಕ್ಷಗಾನವನ್ನೂ ಬಯಲಿನಲ್ಲಿ ಆಡಿಕೊಂಡು ಬಂದ ನಾಡಿಗೆ ಇದೊಂದು ನೆವವೇ?

ನಾಟಕವು ಮೊದಲು ಕನ್ನಡದ ತರಗತಿಯಲ್ಲಿ ಬೇರೂರತಕ್ಕದ್ದು, ಅದರ ಬೆನ್ನಿಗೆ ಇಂಗ್ಲಿಷಿನದು ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಸ್ವಭಾಷೆಯಲ್ಲಿ ತಲೆಯೆತ್ತಿ ನುಡಿಯಲು ಕಲಿತ ಮಗುವು ಪರಭಾಷೆಯಲ್ಲಿ ತಲೆ ತಗ್ಗಿಸದು.

1956ರ ನವೆಂಬರ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ನೆಲವು ಒಂದಾಯಿತು. ಆದರೆ ಇಂಗ್ಲಿಷ್ ಬಲ್ಲವರ ಕರ್ನಾಟಕ, ಬಾರದವರ ಕರ್ನಾಟಕ ಎಂಬ ಹೊಸ ಗಡಿಯೊಂದು ನಮ್ಮ ಶಾಲೆಗಳ ನಡುವೆಯೇ ಬಿದ್ದಿದೆ. ಇದನ್ನು ಅಳಿಸಲು ಆಯೋಗವು ಬೇಕಿಲ್ಲ, ಆಜ್ಞೆಗಾಗಿ ಕಾಯಬೇಕಿಲ್ಲ. ಉಪಾಧ್ಯಾಯ ಬಂಧುಗಳೇ, ಮುಂದಿನ ನಾಟಕದ ಪಾಠದ ದಿನ ಬೆಂಚುಗಳನ್ನು ಗೋಡೆಗೆ ಸರಿಸಿರಿ. ಪುಸ್ತಕವನ್ನು ಮಕ್ಕಳ ಕೈಗಿತ್ತು, ಅವರನ್ನು ಎದ್ದು ನಿಲ್ಲಿಸಿರಿ.