ದೋಷವೂ ಹೊಣೆಯೂ

ಗಣಕಯಂತ್ರವನ್ನು ನಡೆಸುವ ತಂತ್ರಾಂಶವು ಅಂತಸ್ತುಗಳುಳ್ಳ ಮನೆಯಂತೆ ಹಲವು ಸ್ತರಗಳಿಂದ ಕೂಡಿರುತ್ತದೆ. ಕೆಳಗಿನ ಸ್ತರ ಮಾಹಿತಿಯನ್ನು ಒದಗಿಸುತ್ತದೆ. ಮೇಲಿನದು ಅದನ್ನು ನಂಬಿ ಕಾರ್ಯವೆಸಗುತ್ತದೆ. ಕೆಳಗೊಂದು ದೋಷ ತಲೆದೋರಿದರೆ ಹೊಣೆ ಯಾರದು? ಪರಿಹರಿಸಬಲ್ಲ ಸ್ತರವೇ ಅದನ್ನು ಪರಿಹರಿಸಬೇಕು. ತನ್ನಿಂದಾಗದಿದ್ದರೆ ಮರೆಮಾಚದೆ, ಮೇಲಿನ ಸ್ತರಕ್ಕೆ ತಿಳಿಯುವ ಮಾತಿನಲ್ಲಿ ಅರುಹಬೇಕು ಎಂಬುದು ನನ್ನ ಅಭಿಪ್ರಾಯ.

ಈ ಮಾತಿನ ಬೆಲೆಯನ್ನರಿಯಲು ಒಂದು ನಿದರ್ಶನ ಸಾಕು. 1996ನೆಯ ಇಸವಿ ಜೂನ್ 4ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕೌರು ಕೇಂದ್ರದಿಂದ ಯುರೋಪಿನ ಏರಿಯನ್-5 ರಾಕೆಟ್ಟು ನಾಲ್ಕು ಉಪಗ್ರಹಗಳನ್ನು ಹೊತ್ತು ಮೊತ್ತಮೊದಲ ಬಾರಿಗೆ ಮೇಲೇರಿತು. ಅದರಲ್ಲಿಯೂ ಸ್ತರಗಳಿದ್ದವು: ದಿಕ್ಕು, ಚಲನೆಗಳನ್ನು ಅಳೆಯುವ ಘಟಕ ಕೆಳಗೆ, ಆ ಅಳತೆಯಂತೆ ರಾಕೆಟ್ಟನ್ನು ನಡೆಸುವ ಮುಖ್ಯ ಗಣಕಯಂತ್ರ ಮೇಲೆ. ಘಟಕದ ತಂತ್ರಾಂಶವನ್ನು ಹಿಂದಿನ ಏರಿಯನ್-4ರಿಂದ ತೆಗೆದುಕೊಳ್ಳಲಾಗಿತ್ತು. ಹೊಸ ರಾಕೆಟ್ಟಿನ ಕ್ಷಿತಿಜ ಸಮಾಂತರ ವೇಗ ಹೆಚ್ಚಿದ್ದುದರಿಂದ, ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆಯು 32,767ನ್ನು ಮೀರಿತು. ಅದಕ್ಕೆ ಮೀಸಲಿಟ್ಟ ಸ್ಥಳದಲ್ಲಿ ಅಷ್ಟು ದೊಡ್ಡ ಸಂಖ್ಯೆ ಹಿಡಿಸುವಂತಿರಲಿಲ್ಲ. ಘಟಕವು ದೋಷವನ್ನು ಕಂಡಿತು. ಆದರೆ ವಿಧಿಸಿದ್ದ ನಿಯಮದಂತೆ ತನ್ನ ಕೆಲಸವನ್ನೇ ನಿಲ್ಲಿಸಿಬಿಟ್ಟಿತು. ಅದೇ ತಂತ್ರಾಂಶವಿದ್ದ ಬದಲಿ ಘಟಕವೂ ಕ್ಷಣಮಾತ್ರ ಮೊದಲು ಹಾಗೆಯೇ ನಿಂತಿತ್ತು. ಘಟಕ ಕಳುಹಿಸಿದ ದೋಷಸೂಚನೆಯನ್ನು ಮುಖ್ಯ ಗಣಕಯಂತ್ರವು ಹಾರಾಟದ ಅಳತೆಯೆಂದೇ ಭಾವಿಸಿ, ಇಲ್ಲದ ತಪ್ಪನ್ನು ತಿದ್ದಲು ರಾಕೆಟ್ಟನ್ನು ಹಠಾತ್ತನೆ ತಿರುಗಿಸಿತು. ಸುಮಾರು 40 ಸೆಕೆಂಡುಗಳಲ್ಲಿ ಎಲ್ಲವೂ ಸಿಡಿದು ಚೂರಾಯಿತು. ವಿಷಾದದ ಸಂಗತಿಯೆಂದರೆ, ದೋಷಕ್ಕೆ ಕಾರಣವಾದ ಆ ಲೆಕ್ಕವು ರಾಕೆಟ್ಟು ನೆಲ ಬಿಟ್ಟ ಮೇಲೆ ಬೇಕಾಗಿಯೇ ಇರಲಿಲ್ಲ!

ದೋಷ ಕಂಡೊಡನೆ ನಿಂತುಬಿಡುವುದೇ ಕ್ಷೇಮವೆಂದು ಕೆಲವರು ವಾದಿಸಬಹುದು. ನೆಲದ ಮೇಲಿನ ಯಂತ್ರಕ್ಕೆ ಅದು ಒಪ್ಪೀತು. ಹಾರುತ್ತಿರುವ ರಾಕೆಟ್ಟಿಗೆ ನಿಲ್ಲಲು ನೆಲೆಯೆಲ್ಲಿ? ಏನೂ ಆಗದಂತೆ ದೋಷವನ್ನು ಅಡಗಿಸಿಡುವುದಾದರೋ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡಂತೆ. ಮೊಬೈಲಿನಲ್ಲಿ ಹಣ ಕಳುಹಿಸುವಾಗ ನಡುವೆ ಸಂಪರ್ಕ ಕಡಿಯಿತೆನ್ನೋಣ. ಮೊದಲ ಯತ್ನ ಏನಾಯಿತೆಂದು ನೋಡದೆ ಕೆಳಗಿನ ಸ್ತರ ಮತ್ತೆ ಕಳುಹಿಸಿದರೆ ಹಣ ಎರಡು ಸಲ ಹೋದೀತು. ಬಳಸುವವನಿಗೆ ಅರ್ಥವಾಗದ ಸಂಕೇತಗಳ ಕಂತೆಯನ್ನು ತೋರಿಸಿದರೂ ಫಲವಿಲ್ಲ. ಅವು ತಜ್ಞರ ದಾಖಲೆಯಲ್ಲಿರಲಿ. ಅವನಿಗೆ ಬೇಕಾದುದು ಹಣ ಸಂದಿತೋ ಇಲ್ಲವೋ, ಮುಂದೇನು ಮಾಡಬೇಕು ಎಂಬ ಸ್ಪಷ್ಟವಾದ ಮಾತು.

ವಿದ್ಯಾರ್ಥಿಗಳೇ, ದೋಷವೇ ಇಲ್ಲದ ತಂತ್ರಾಂಶವನ್ನು ಕಟ್ಟುವೆನೆಂಬುದು ಹುಸಿ ಹೆಮ್ಮೆ. ನಿಮ್ಮಲ್ಲಿ ಕೆಲವರಾದರೂ ನಾಳೆ ಈ ಕೆಲಸಕ್ಕೆ ಕೈಹಾಕುವಿರಿ. ಆಗ, ಪ್ರತಿಯೊಂದು ಸ್ತರವೂ ಸೋತಾಗ ಮೇಲಿನದಕ್ಕೆ ಏನನ್ನು ಹೇಳಬೇಕೆಂಬುದನ್ನು ಮೊದಲೇ ಗೊತ್ತುಪಡಿಸಿಕೊಳ್ಳಿ.