ಕರಾಟೆ ಕಲಿಯದ ಕರಾಟೆ ಕಿಂಗ್

ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರು ಹುಟ್ಟಿದ ಮನೆಯೂ ಇದೆ, ಸಮಾಧಿಯೂ ಇದೆ. ಅವರು ಏನು ಬಿಟ್ಟುಹೋದರು ಎಂದು ಯಾರಾದರೂ ಕೇಳಿದರೆ ಕನ್ನಂಬಾಡಿ ಕಟ್ಟೆಯನ್ನು ತೋರಿಸಬಹುದು. ಅದೇ ಊರಿಂದ ಚಿಕ್ಕಬಳ್ಳಾಪುರಕ್ಕೆ ಬಂದು ಆಟೊ ಹತ್ತಿದರೆ, ಹಿಂದಿನ ಗಾಜಿನ ಮೇಲೆ ಶಂಕರ್‌ನಾಗ್ ಎದುರಾದರೂ ಅಚ್ಚರಿಯಿಲ್ಲ. ಆತ ಸತ್ತದ್ದು 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಬಳಿಯ ಆನಗೋಡಿನಲ್ಲಿ, ಕಾರು ಅಪಘಾತದಲ್ಲಿ. ವಯಸ್ಸು 35. ಕಟ್ಟೆಯನ್ನೇನೂ ಕಟ್ಟದ, ತೆರೆಯ ಮೇಲೆ ಹೊಡೆದಾಡಿದ ನಟನನ್ನು ಜನ ಇಷ್ಟು ಕಾಲ ಯಾತಕ್ಕೆ ಹೊತ್ತು ತಿರುಗುತ್ತಾರೆ?

ಹಾಗೆಯೇ ತೆರೆಯ ಮೇಲೆ ಹೊಡೆದಾಡಿದ ಬ್ರೂಸ್ ಲೀ ವಿಷಯದಲ್ಲಿ ಉತ್ತರ ಸಿದ್ಧವಾಗಿದೆ. ಆತ ನಿಜಕ್ಕೂ ಕಲಿತವನು, ಕಲಿಸಿದವನು, ಜೀತ್ ಕುನೆ ದೋ ಎಂಬ ತನ್ನದೇ ಪದ್ಧತಿಯನ್ನು ರೂಪಿಸಿದವನು. 1973ರಲ್ಲಿ 32ನೇ ವಯಸ್ಸಿಗೇ ಹೋದ. ‘ಎಂಟರ್ ದ ಡ್ರ್ಯಾಗನ್’ ತೆರೆಕಂಡದ್ದು ಆಮೇಲೆ. ಶಂಕರ್‌ನಾಗ್ ಮಾತ್ರ ಯಾವ ಗುರುವಿನ ಬಳಿಯೂ ಕ್ರಮವಾಗಿ ಕರಾಟೆ ಕಲಿತವರಲ್ಲ. ಆದರೂ 1979ರ ‘ಸೀತಾರಾಮು’ ಬಂದದ್ದೇ ತಡ, ಪ್ರೇಕ್ಷಕರು ಕರಾಟೆ ಕಿಂಗ್ ಎಂದು ಪಟ್ಟ ಕಟ್ಟಿಬಿಟ್ಟರು.

ಇದು ಮೋಸವೇ? ನನಗೆ ಹಾಗನ್ನಿಸುವುದಿಲ್ಲ. ತೆರೆಯ ಮೇಲಿನ ಏಟು ಎದುರಾಳಿಗೆ ತಾಕಬೇಕಿಲ್ಲ, ನೋಡುವವನಿಗೆ ತಾಕಬೇಕು. ಮುಂಬೈಯ ಮರಾಠಿ ರಂಗಭೂಮಿಯಲ್ಲಿ ಪಳಗಿದ ಶಂಕರ್‌ಗೆ ಮೈಯನ್ನೇ ಮಾತಾಡಿಸುವುದು ಗೊತ್ತಿತ್ತು. ಗಿರೀಶ್ ಕಾರ್ನಾಡರು ಕುರೋಸಾವಾನ ಸಮುರಾಯ್ ಚಿತ್ರಗಳ ಗುಂಗಿನಲ್ಲಿ ಮಾಡಿದ ‘ಒಂದಾನೊಂದು ಕಾಲದಲ್ಲಿ’ (1978) ನೋಡಿ. ಕೂಲಿಗೆ ಕತ್ತಿ ಹಿಡಿಯುವ ಗಂಡುಗಲಿಯಾದ ಶಂಕರ್ ನಡಿಗೆಯಲ್ಲೇ ದಣಿವೂ ಉಡಾಫೆಯೂ ಇವೆ. ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ ಆ ಪಾತ್ರಕ್ಕೆ ಅತ್ಯುತ್ತಮ ನಟ ಪ್ರಶಸ್ತಿ ಕೊಟ್ಟಿತು. ಅದು ನಟನೆಗೆ ಸಂದದ್ದು, ಕತ್ತಿವರಸೆಗಲ್ಲ.

ಓದಿಕೊಂಡ ವಲಯಗಳಲ್ಲಿ ಒಂದು ಸಮಜಾಯಿಷಿ ಚಾಲ್ತಿಯಲ್ಲಿದೆ. ‘ಮಿಂಚಿನ ಓಟ’, ‘ಆ್ಯಕ್ಸಿಡೆಂಟ್’, ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಇವು ಅಸಲಿ ಶಂಕರ್. ಹೊಡೆದಾಟದ ಚಿತ್ರಗಳೆಲ್ಲ ಹೊಟ್ಟೆಪಾಡು, ಕ್ಷಮಿಸಿಬಿಡೋಣ ಎಂಬುದು ಅದರ ಧಾಟಿ. ಈ ಔದಾರ್ಯ ನನಗೆ ಹಿಡಿಸುವುದಿಲ್ಲ. ಹನ್ನೆರಡೇ ವರ್ಷದಲ್ಲಿ ಎಂಬತ್ತರಷ್ಟು ಚಿತ್ರಗಳಲ್ಲಿ ನಟಿಸಿದವರ ಬಹುಪಾಲು ದುಡಿಮೆಯನ್ನು ಕ್ಷಮೆಯ ಲೆಕ್ಕಕ್ಕೆ ಹಾಕಿದರೆ ಉಳಿಯುವುದು ನಮ್ಮ ಅಭಿರುಚಿಯ ಪ್ರತಿಬಿಂಬವೇ ಹೊರತು ಆ ಮನುಷ್ಯನಲ್ಲ. ಹೊಡೆದಾಟದ ಚಿತ್ರಗಳಲ್ಲಿ ತೀರಾ ಸಾಧಾರಣವಾದವೂ ಬೇಕಾದಷ್ಟಿವೆ, ನಿಜ. ಆದರೆ 1980ರ ‘ಆಟೊ ರಾಜ’ ನೋಡಿದ ಚಾಲಕನಿಗೆ ಅಲ್ಲಿ ದೊರೆತದ್ದು ಬರಿಯ ಫೈಟ್ ಅಲ್ಲ. ಖಾಕಿ ಹಾಕಿದವನೇ ನಾಯಕ, ಅವನೂ ತಲೆಯೆತ್ತಿ ತಿರುಗೇಟು ಕೊಡಬಲ್ಲ ಎಂಬುದು ತೆರೆಯ ಮೇಲೆ ಕಂಡಿತು. ಇವತ್ತಿಗೂ ಆತನ ಹುಟ್ಟುಹಬ್ಬವಾದ ನವೆಂಬರ್ 9ರಂದು ಆಟೊ ನಿಲ್ದಾಣಗಳಲ್ಲಿ ಆತನ ಚಿತ್ರಕ್ಕೆ ಹಾರ ಬೀಳುವುದು ಪ್ರಶಸ್ತಿಗಳ ಕಾರಣಕ್ಕಲ್ಲ.

ಹಾಗೆಂದು ಅಭಿಮಾನಿಗಳ ಇನ್ನೊಂದು ವಾದವನ್ನೂ ನಾನು ಒಪ್ಪಲಾರೆ. ನಂದಿಬೆಟ್ಟಕ್ಕೆ ರೋಪ್‌ವೇ, ಬೆಂಗಳೂರಿಗೆ ಮೆಟ್ರೊ, ಬಡವರಿಗೆ ಕಡಿಮೆ ಖರ್ಚಿನ ಮನೆ ಎಂದು ಶಂಕರ್ ಕನಸು ಕಂಡದ್ದು, ಅದಕ್ಕಾಗಿ ಓಡಾಡಿದ್ದು ಎಲ್ಲರಿಗೂ ಗೊತ್ತು. ಬದುಕಿದ್ದರೆ ಎಲ್ಲವೂ ಆಗಲೇ ಆಗುತ್ತಿತ್ತು ಎನ್ನುವುದು ಪ್ರೀತಿಯ ಮಾತು, ವಿಚಾರದ ಮಾತಲ್ಲ. ರೋಪ್‌ವೇಗೆ ಜಾಗ ಬೇಕು, ಅನುಮತಿಗಳು ಬೇಕು, ಸರ್ಕಾರದ ಗಂಟು ಬಿಚ್ಚಬೇಕು. ನಂದಿಯ ರೋಪ್‌ವೇಗೆ ಶಂಕುಸ್ಥಾಪನೆಯಾದದ್ದೇ 2023ರ ಮಾರ್ಚ್‌ನಲ್ಲಿ. ಬೆಟ್ಟದ ತಪ್ಪಲಲ್ಲೇ ಹುಟ್ಟಿದ ವಿಶ್ವೇಶ್ವರಯ್ಯನವರಿಗೆ ದಿವಾನಗಿರಿಯಿತ್ತು, ಹಿಂದೆ ಮಹಾರಾಜರಿದ್ದರು, ನೂರು ವರ್ಷ ಮೀರಿದ ಆಯುಷ್ಯವಿತ್ತು. ಶಂಕರ್ ಬಳಿ ಇದ್ದದ್ದು ಜನಪ್ರಿಯತೆಯೊಂದೇ. ಅದನ್ನು ಹಿಡಿದು ಮಂತ್ರಿಗಳ ಬಾಗಿಲು ತಟ್ಟಬಹುದಿತ್ತು. ಕಡತಕ್ಕೆ ಸಹಿ ಬೀಳುತ್ತಿತ್ತೆಂಬ ಖಾತ್ರಿಯಿರಲಿಲ್ಲ.

ಆದರೆ ಅವರ ಹೆಸರಿನಲ್ಲಿ ಆಗಿಹೋದ ಕೆಲಸವೊಂದಿದೆ. 2004ರಲ್ಲಿ ಜೆ.ಪಿ. ನಗರದಲ್ಲಿ ‘ರಂಗಶಂಕರ’ ರಂಗಮಂದಿರ ತೆರೆಯಿತು. ಅದನ್ನು ಪಟ್ಟು ಹಿಡಿದು ಕಟ್ಟಿದವರು ಶಂಕರ್ ಪತ್ನಿ ಅರುಂಧತಿ ನಾಗ್. ಇದನ್ನೂ ಶಂಕರ್ ಖಾತೆಗೆ ಜಮಾ ಮಾಡುವುದು ಅರುಂಧತಿಯವರಿಗೆ ಮಾಡುವ ಅನ್ಯಾಯ. ಶಂಕರ್ ಖಾತೆಯಲ್ಲಿ ಅವರದೇ ಎಂದು ಇರುವುದು ಸಾಕಷ್ಟಿದೆ, ‘ಸೀತಾರಾಮು’ವಿನ ಒದೆತಗಳೂ ಸೇರಿ.